ಬೊಳ್ಳನ ಚೀನಿಕಾಯಿ ರೊಟ್ಟಿ

ನಮ್ಮ ಮನೆಯ ಗೇಟಿನ ಕಂಬದಲ್ಲಿ ನನ್ನ ಹೆಸರಿದೆ, ಹೆಸರಿನ ಪಕ್ಕ ಬಿ.ಎ. ಎಂದಿದೆ. ಬಣ್ಣದಲ್ಲಿ ಬರೆಸಿದ್ದಲ್ಲ, ಕಲ್ಲಿನಲ್ಲಿ ಕೊರೆಸಿದ್ದು. ಈಗಿನ ಕಾಲದಲ್ಲಿ ಬಿ.ಎ.ಯನ್ನು ಯಾರಾದರೂ ಗೇಟಿಗೆ ಹಾಕಿಕೊಳ್ಳುತ್ತಾರೆಯೇ ಎಂದು ನೀವು ನಗಬಹುದು. ನಗಿ. ನಮ್ಮ ಕುಟುಂಬದಲ್ಲಿ ನನಗಿಂತ ಮೊದಲು ಓದಿದವರೆಂದರೆ ನನ್ನ ಸೋದರಮಾವ, ಅವರದ್ದೂ ನಾಲ್ಕನೇ ಕ್ಲಾಸಿಗೆ ಮುಗಿದಿತ್ತು. ನನ್ನ ಅಬ್ಬಿ, ಅಂದರೆ ತಾಯಿ, ಕೊನೆಯವರೆಗೂ ಹೆಬ್ಬೆಟ್ಟು ಒತ್ತಿದವಳು. ಹಾಗಾಗಿ ಆ ಎರಡಕ್ಷರವನ್ನು ಮಳೆಗೆ ತೊಳೆದುಹೋಗದ ಹಾಗೆ ಬರೆಸಿದೆ.

ಅದರಿಂದ ಒಂದು ಉಪದ್ರವವೂ ಇದೆ. ಬ್ರಹ್ಮಾವರದ ನಮ್ಮ ಓಣಿಯವರು ಏನಿದ್ದರೂ ನನ್ನಲ್ಲಿಗೆ ಬರುತ್ತಾರೆ. ಅರ್ಜಿ ಬರೆಯಲಿಕ್ಕೆ, ಮಗುವಿಗೆ ಹೆಸರಿಡಲಿಕ್ಕೆ, ಮದುವೆ ಕಾಗದದ ಒಕ್ಕಣೆಗೆ. ಮೊನ್ನೆ ಪಕ್ಕದ ಮನೆಯ ವಾರಿಜ ಒಂದು ಚೀಟಿ ಹಿಡಿದುಕೊಂಡು ಬಂದಳು.

"ಟೀಚರೇ, ಇದ್ ಕಾಣಿ. ನಾಯಿಗೆ ಹೊಟ್ಟಿ ಸಮ ಇಲ್ಲೆ ಅಂದೇಳಿ ಡಾಕ್ಟ್ರ ಹತ್ರ ಕರ್ಕಂಡ್ ಹೋದ್ರೆ, ಚೀನಿಕಾಯಿ ಬೇಯ್ಸಿ ಹಾಕಿ ಅಂದೇಳಿ ಬರ್ದ್ ಕೊಟ್ಟಿರ್. ನಾಯಿ ಎಲ್ಲಾರೂ ಚೀನಿಕಾಯಿ ತಿಂತಾ? ಡಾಕ್ಟ್ರಿಗೇ ತಲಿ ಸಮ ಇಲ್ಯಾ ಎಂತದ್?"

"ತಿಂತ್," ಎಂದೆ.

"ಪುಸ್ತಕದಗೆ ಇತ್ತಾ?"

"ಪುಸ್ತಕದಗೆ ಇಲ್ಲೆ. ಆರೆ ತಿಂತ್."

ವಾರಿಜ ಅರೆನಂಬಿಕೆಯಲ್ಲಿ ಹೋದಳು. ನಾನು ಮಾತ್ರ ಬಾಗಿಲಲ್ಲೇ ನಿಂತುಬಿಟ್ಟೆ. ಚೀನಿಕಾಯಿ ಎಂದರೆ ಸಿಹಿಗುಂಬಳ, ನಿಮಗೆ ಗೊತ್ತಿರುತ್ತದೆ. ಅದನ್ನು ನಾಯಿಗೆ ಹಾಕಬಹುದು ಎಂದು ಡಾಕ್ಟರು ಈಗ ಚೀಟಿಯಲ್ಲಿ ಬರೆಯುತ್ತಿದ್ದಾರೆ. ನನ್ನ ಅಬ್ಬಿ ಅದನ್ನು ಮೂರು ವರ್ಷ ತಪ್ಪದೆ ಮಾಡಿದ್ದಳು. ಅವಳು ಮಾಡದೆ ಇದ್ದಿದ್ದರೆ ನಮ್ಮ ಗೇಟಿನ ಕಲ್ಲು ಬೋಳಾಗಿಯೇ ಇರುತ್ತಿತ್ತು.

ನಮ್ಮೂರು ಕೆರಾಡಿಯಿಂದಲೂ ಆಚೆ, ಕಾಡಿನ ಸೆರಗಿನಲ್ಲಿ. ನಾನು ಒಂದನೇ ಕ್ಲಾಸಿಗೆ ಸೇರಿದ ವರ್ಷವೇ ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು. ಊರಿನಲ್ಲಿ ಯಾರಿಗೂ ಹೆಚ್ಚು ವ್ಯತ್ಯಾಸ ಗೊತ್ತಾಗಲಿಲ್ಲ. ಶಾಲೆಯ ಗೋಡೆಯ ಮೇಲಿನ ನಕ್ಷೆ ಬದಲಾಯಿತು, ಅದೂ ಎರಡು ವರ್ಷ ತಡವಾಗಿ. ಊರ ಶಾಲೆ ಮುಗಿದರೆ ಹೆಣ್ಣುಮಕ್ಕಳ ಓದೂ ಮುಗಿಯಿತು ಎಂದೇ ಲೆಕ್ಕ. ಹೈಸ್ಕೂಲು ನಾಲ್ಕು ಮೈಲಿ ದೂರ. ಮೊದಲು ಗದ್ದೆಯ ಅಂಚು, ಆಮೇಲೆ ತೋಡಿಗೆ ಅಡ್ಡ ಹಾಕಿದ ಸಂಕ, ಎಂದರೆ ಎರಡು ಮರದ ದಿಮ್ಮಿ ಜೋಡಿಸಿದ ಕಾಲುಸೇತುವೆ. ಸಂಕ ದಾಟಿದರೆ ಎರಡು ಮೈಲಿ ಹಾಡಿ. ಹಾಡಿಯೆಂದರೆ ಹಗಲಿನಲ್ಲೂ ಬಿಸಿಲು ಚುಕ್ಕಿ ಚುಕ್ಕಿಯಾಗಿ ಮಾತ್ರ ಬೀಳುವ ಕಾಡು. ಆಮೇಲೆ ರಸ್ತೆ.

ಮನೆಯಲ್ಲಿದ್ದದ್ದು ಮೂವರು ಹೆಂಗಸರು: ಅಮ್ಮಮ್ಮ, ಅವಳ ಮಗಳು ಅಬ್ಬಿ, ಅವಳ ಮಗಳು ನಾನು. ಅಪ್ಪಯ್ಯ ಬೊಂಬಾಯಿಯ ಹೋಟೆಲಿನಲ್ಲಿ ಅಡುಗೆಗೆ ಇದ್ದರು, ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು. ನಮ್ಮದು ಅಳಿಯಕಟ್ಟಿನ ಕುಟುಂಬ. ಮನೆ ತಾಯಿಯದು, ಮಾತು ಮಾವನದು. ಮಾವ ಕುಂದಾಪುರದ ಒಂದು ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದರು. ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದರು. ವಾರದ ಎಲ್ಲ ತೀರ್ಮಾನಗಳೂ ಭಾನುವಾರಕ್ಕೆ ಕಾಯುತ್ತಿದ್ದವು.

ನನ್ನ ಹೈಸ್ಕೂಲಿನ ತೀರ್ಮಾನವೂ ಒಂದು ಭಾನುವಾರವೇ ಆದದ್ದು. ಮಾವ ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದರು. ಅಬ್ಬಿ ಬಾಗಿಲ ಹಿಂದೆ ನಿಂತು ಹೇಳಿದಳು:

"ಹೆಣ್ ಓದ್ತೆ ಅಂತ್, ಅಣ್ಣ."

"ಓದಿ ಎಂತ ಮಾಡುಕಿತ್ತ್? ಹಾಡಿಯಗೆ ಒಬ್ಳೇ ಹೋಪುಕಾತ್ತಾ? ಜೊತಿಗೆ ಯಾರ್ ಹೋಪುದ್?"

"ಬೊಳ್ಳ ಹೋತ್."

ಮಾವ ನಕ್ಕ ರಭಸಕ್ಕೆ ಬಾಯಲ್ಲಿದ್ದ ಅಡಿಕೆ ನೆತ್ತಿಗೆ ಹತ್ತಿತು. ಬೊಳ್ಳ ನಮ್ಮ ನಾಯಿ. ಬಿಳಿ ಎಂಬುದು ಹೆಸರಿಗೆ ಮಾತ್ರ, ಒಲೆಬೂದಿಯಲ್ಲಿ ಮಲಗಿ ಮಲಗಿ ಅದರ ಬಣ್ಣವೇ ಬೂದಿಯಾಗಿತ್ತು. ಒಂದು ಕಿವಿ ಹರಿದಿತ್ತು. ಅದು ಶೌರ್ಯದ ಗುರುತಲ್ಲ, ನಮ್ಮದೇ ಕೋಳಿ ಕುಕ್ಕಿದ್ದು.

"ಹುಲಿಗೆ ನಾಯಿ ಅಂದ್ರೆ ಜೀವ ಮಾರಾಯ್ತಿ," ಎಂದರು ಮಾವ. ಚಿರತೆಗೂ ನಮ್ಮಲ್ಲಿ ಹುಲಿಯೆಂದೇ ಹೆಸರು. "ಬೊಳ್ಳನ್ನ ಕರ್ಕಂಡ್ ಹೋಪುದಂದ್ರೆ ಹುಲಿಗೆ ಬುತ್ತಿ ಹೊತ್ಕಂಡ್ ಹೋದಂಗೆ."

ಒಳಗಿನಿಂದ ಅಮ್ಮಮ್ಮನ ಸ್ವರ ಬಂತು: "ಒಳ್ಳೆದಾಯ್ತಲ ಮಗಾ! ಹುಲಿ ನಾಯಿ ತಿಂಬತಿಗೆ ಹೆಣ್ ಓಡಿ ಬತ್ತ್."

ಅಮ್ಮಮ್ಮನ ವಾದಕ್ಕೆ ಎದುರು ಹೇಳುವುದು ಯಾರಿಗೂ ಆಗುತ್ತಿರಲಿಲ್ಲ. ಮಾವ ಅಂಗಳಕ್ಕೆ ಎಲೆಯಡಿಕೆ ಉಗಿದು ಹೇಳಿದರು: "ಸೈ. ಬೊಳ್ಳ ಹೋದ ದಿನ ಹೆಣ್ ಹೋಯ್ಲಿ. ಬೊಳ್ಳ ಹೋಗ್ದಿದ್ ದಿನ ಹೆಣ್ ಮನಿಯಗೆ."

ಅದು ಒಪ್ಪಿಗೆಯಲ್ಲ, ಉಪಾಯದ ನಿರಾಕರಣೆ. ಬೊಳ್ಳ ಅಂಗಳ ಬಿಟ್ಟು ಹೋಗುವ ಪೈಕಿಯಲ್ಲ ಎಂದು ಮಾವನಿಗೆ ಗೊತ್ತಿತ್ತು. ಅಬ್ಬಿಗೆ ಇನ್ನೊಂದು ವಿಷಯ ಗೊತ್ತಿತ್ತು. ಹಿಂದಿನ ದೀಪಾವಳಿಯಲ್ಲಿ ದನಗಳಿಗೆಂದು ಮಾಡಿದ ಚೀನಿಕಾಯಿ ಕಡುಬನ್ನು ಬೊಳ್ಳ ಕರುವಿನ ಬಾಯಿಂದ ಕಿತ್ತು ತಿಂದಿತ್ತು. ತಿಂದು, ಉಳಿದ ಕಡುಬಿನ ಬುಟ್ಟಿ ಹೊತ್ತ ಅಬ್ಬಿಯ ಹಿಂದೆ ದನದ ಹಟ್ಟಿಗೆ, ಹಟ್ಟಿಯಿಂದ ಗದ್ದೆಗೆ, ಗದ್ದೆಯಿಂದ ನೆರೆಮನೆಗೆ, ಹೀಗೆ ಆ ದಿನವಿಡೀ ನಡೆದಿತ್ತು. ಅಷ್ಟು ನಡೆದದ್ದನ್ನು ಅದರ ಜನ್ಮದಲ್ಲಿ ಯಾರೂ ಕಂಡಿರಲಿಲ್ಲ.

ಹಾಗೆ ಹುಟ್ಟಿದ್ದು ಆ ರೊಟ್ಟಿ. ಮಾಡುವ ಕ್ರಮ ಹೇಳುತ್ತೇನೆ; ನಿಮ್ಮಲ್ಲಿ ನಾಯಿಯಿದ್ದರೆ ಮಾಡಿ, ಇಲ್ಲದಿದ್ದರೆ ಓದಿ. ಚೀನಿಕಾಯಿಯ ತಿರುಳನ್ನೂ ಸಿಪ್ಪೆಯನ್ನೂ ಹೆರೆಮಣೆಯಲ್ಲಿ ಹೆರೆಯಬೇಕು. ನುಚ್ಚಕ್ಕಿ ನೆನೆಸಿ ತರಿತರಿಯಾಗಿ ರುಬ್ಬಬೇಕು. ಎರಡನ್ನೂ ಸೇರಿಸಿ, ಒಂದು ಹಿಡಿ ತೌಡು, ಕೆಂಡದಲ್ಲಿ ಸುಟ್ಟು ಪುಡಿ ಮಾಡಿದ ಒಣಮೀನಿನ ತಲೆ, ಒಂದು ಚಿಟಿಕೆ ಉಪ್ಪು. ಬಾಳೆಲೆಯ ಮೇಲೆ ಅಂಗೈಯಗಲ ತಟ್ಟಿ ಮಣ್ಣಿನ ಓಡಿನಲ್ಲಿ ಬೇಯಿಸಿ, ಬೆಂದ ಮೇಲೆ ಬಿದಿರ ತಟ್ಟಿಯಲ್ಲಿ ಹರಡಿ ಒಲೆಯ ಮೇಲೆ ಹೊಗೆಗೆ ಇಡಬೇಕು. ಮೂರು ದಿನಕ್ಕೆ ಮುರಿದರೆ ಟಕ್ ಎನ್ನುವಷ್ಟು ಗಟ್ಟಿಯಾಗುತ್ತದೆ. ಇಳಿಸಿದ ಮೇಲೆ ಹದಿನೈದು ದಿನ ಕೆಡುವುದಿಲ್ಲ, ಹೊಗೆಯಲ್ಲೇ ಬಿಟ್ಟರೆ ಎರಡು ತಿಂಗಳಾದರೂ ಇರುತ್ತದೆ.

ಹಿಟ್ಟು ಕಲಸಿದ ಮೇಲೆ ಅಬ್ಬಿ ಒಂದು ಚೂರು ನಾಲಿಗೆಗೆ ಇಟ್ಟು ನೋಡುತ್ತಿದ್ದಳು. ನಾನು ಮೂಗು ಮುಚ್ಚಿಕೊಳ್ಳುತ್ತಿದ್ದೆ.

"ಅಯ್ಯೋ ಅಬ್ಬಿ, ನಾಯಿದ್ದ್ ಅದ್!"

"ನಾಯಿ ಮಾತಾಡ್ತಾ? ಉಪ್ಪ್ ಹೆಚ್ಚಾರೆ ಮತ್ತ್ ಯಾರ್ ಹೇಳುದ್?"

ನಮಗೆ ಮಾಡಿದ ಸಾರಿನ ಉಪ್ಪನ್ನು ಅವಳು ಎಂದೂ ನೋಡಿದವಳಲ್ಲ. ನಮಗೆ ಬಾಯಿತ್ತಲ್ಲ.

ಒಂದೇ ಒಂದು ತೊಡಕು. ಇಡೀ ಚೀನಿಕಾಯಿಗೆ ಹೆಂಗಸು ಕತ್ತಿ ಹಾಕಬಾರದು. ಇದು ನಮ್ಮ ಮನೆಯದ್ದಷ್ಟೇ ಅಲ್ಲ, ಊರಿನದ್ದೇ ಕಟ್ಟಳೆ. ಗಂಡಸು ಒಡೆದು ಎರಡು ಹೋಳು ಮಾಡಿ ಕೊಟ್ಟರೆ ಆಮೇಲೆ ಹೆಂಗಸು ಏನು ಬೇಕಾದರೂ ಮಾಡಿಕೊಳ್ಳಬಹುದು. ಹೆಂಗಸೇ ಒಡೆದರೆ ಆ ಮನೆಯ ಗಂಡಸಿಗೆ ಕೇಡು. ಹಾಗಾಗಿ ಎರಡು ವಾರಕ್ಕೊಮ್ಮೆ, ಭಾನುವಾರ, ಅಬ್ಬಿ ಅಟ್ಟದಿಂದ ಒಂದು ಕಾಯಿ ಇಳಿಸಿ ಗೋಣಿಯ ಮೇಲಿಟ್ಟು ಪಕ್ಕದಲ್ಲಿ ಕತ್ತಿ ಇಡುವಳು. ಮಾವ ಬಂದು ಒಂದೇ ಏಟಿಗೆ ಒಡೆದು, "ನಿನ್ ಮಾಷ್ಟ್ರಿಗೆ ಪ್ರಸಾದ ಆಯ್ತ್," ಎಂದು ನನ್ನನ್ನು ಕೆಣಕಿ ಹೋಗುವರು. ಮಾಷ್ಟ್ರು ಎಂದರೆ ಬೊಳ್ಳ.

ಬೊಳ್ಳ ನನ್ನ ಜೊತೆ ಬಂತು. ಮೂರು ವರ್ಷ ಬಂತು. ಪ್ರೀತಿಯಿಂದ ಬಂತು ಎಂದು ಬರೆಯಲು ಈಗ ಆಸೆಯಾಗುತ್ತದೆ. ಆದರೆ ಸುಳ್ಳು ಬರೆಯಬಾರದು. ಅದು ರೊಟ್ಟಿಗೆ ಬಂತು. ಗದ್ದೆಯ ಬೇಲಿಯಲ್ಲಿ ಒಂದು ತುಂಡು. ಸಂಕದ ಈಚೆ ಕುಳಿತುಕೊಳ್ಳುತ್ತಿತ್ತು, ಅಲ್ಲಿ ಒಂದು. ಕೊಡದಿದ್ದರೆ ತೋಡಿನ ನೀರು ನೋಡುತ್ತಾ ಕೂತೇ ಇರುವುದು, ಯಾವುದೋ ದೊಡ್ಡ ವಿಷಯ ಯೋಚಿಸುವವರ ಹಾಗೆ. ಶಾಲೆಯ ಮೆಟ್ಟಿಲಲ್ಲಿ ಮತ್ತೊಂದು. ಸಂಜೆಯವರೆಗೆ ನಮ್ಮ ಕ್ಲಾಸಿನ ಬಾಗಿಲ ಹೊರಗೆ ನಿದ್ದೆ. ಲೆಕ್ಕದ ಮಾಷ್ಟ್ರು ಸಾಸ್ತಾನದ ಕಡೆಯವರು. ಹಾಜರಿ ಕರೆದು ಮುಗಿಸಿ ಕೊನೆಗೆ ಬಾಗಿಲ ಕಡೆ ನೋಡಿ, "ಬಂದಿತ್ತಾ?" ಎನ್ನುವರು. ಒಂದು ದಿನ ನಾನು ಪ್ರಮೇಯ ತಪ್ಪು ಬರೆದಾಗ ಹೇಳಿದರು: "ಹೆಣೆ ಗಿರಿಜಾ, ನಿನ್ ನಾಯಿನ ಒಳ್ಗ್ ಕೂರ್ಸ್, ನೀನ್ ಹೊರ್ಗ್ ಮಲ್ಕೊ. ಫಲಿತಾಂಶ ಲಾಯ್ಕ್ ಬತ್ತ್." ಕ್ಲಾಸೆಲ್ಲ ನಕ್ಕಿತು. ಗದ್ದಲಕ್ಕೆ ಬೊಳ್ಳ ಒಂದು ಕಣ್ಣು ಬಿಟ್ಟು ಮತ್ತೆ ಮುಚ್ಚಿತು.

ಹಾಡಿಯಲ್ಲಿ ಹುಲಿ ಬಂದಿದ್ದರೆ ಬೊಳ್ಳ ಏನು ಮಾಡುತ್ತಿತ್ತೋ ದೇವರಿಗೆ ಗೊತ್ತು. ಬರಲಿಲ್ಲ. ಆದರೆ ಆ ಎರಡು ಮೈಲಿಯಲ್ಲಿ ನನ್ನ ಮುಂದೆ ಹತ್ತು ಹೆಜ್ಜೆ ಬಿಟ್ಟು, ಬಾಲ ನೆಟ್ಟಗೆ ಮಾಡಿ, ಹರಿದ ಕಿವಿ ಹಿಂದಕ್ಕೆ ತಿರುಗಿಸಿ ಅದು ನಡೆಯುವುದು ಕಂಡರೆ ನನಗೆ ಹೆದರಿಕೆಯಾಗುತ್ತಿರಲಿಲ್ಲ. ಕಿವಿ ಹಿಂದಕ್ಕಿದ್ದದ್ದು ನನ್ನ ಹೆಜ್ಜೆ ಕೇಳಲಿಕ್ಕೋ ಚೀಲದ ರೊಟ್ಟಿ ಕೇಳಲಿಕ್ಕೋ ಎಂದು ಆಗ ಯೋಚಿಸಲಿಲ್ಲ. ಆಗ ನಾನು ಯೋಚಿಸುತ್ತಿದ್ದದ್ದು ದೊಡ್ಡ ಅಕ್ಷರದ ಇಂಗ್ಲಿಷು, ಭಾರತದ ನದಿಗಳು ಮತ್ತು ನಾನು ಟೀಚರ್ ಆದರೆ ಯಾವ ಬಣ್ಣದ ಕೊಡೆ ಹಿಡಿಯಬೇಕು ಎಂಬುದು.

ಎಸ್ಸೆಲ್ಸಿಯ ವರ್ಷ, ಮಕರ ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ, ಯಡ್ತರೆಯ ಕಡೆಯಿಂದ ನನಗೊಂದು ಸಂಬಂಧ ಬಂತು. ಒಳ್ಳೆಯ ಗದ್ದೆಯ ಮನೆ. ಮಾವನಿಗೆ ಮನಸ್ಸಾಗಿತ್ತು. ಪರೀಕ್ಷೆ ಮುಗಿಯುವವರೆಗೆ ತಡೆಯಿರಿ ಎಂದು ಅಬ್ಬಿ ಕೇಳಿಕೊಂಡಳು. ಮಾವ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಆ ಭಾನುವಾರ ಅಬ್ಬಿ ಎಂದಿನ ಹಾಗೆ ಗೋಣಿ ಹಾಸಿ ಕಾಯಿ ಇಟ್ಟಳು, ಕತ್ತಿ ಇಟ್ಟಳು. ಮಾವ ಬಂದರು, ಕಾಯಿ ನೋಡಿದರು, ತಮ್ಮ ಬಲಗೈಯನ್ನು ಎಡಗೈಯಲ್ಲಿ ಒತ್ತಿಕೊಂಡರು.

"ಕೈ ನೋವ್," ಎಂದರು.

ಅಷ್ಟೆ. ಮರುದಿನ ಬೆಳಿಗ್ಗೆ ಕುಂದಾಪುರಕ್ಕೆ ಹೋದರು. ಅದೇ ಕೈಯಲ್ಲಿ ಹಲಸಿನಕಾಯಿಯ ಚೀಲ ಹಿಡಿದುಕೊಂಡು ಹೋದದ್ದನ್ನು ನಾವು ಮೂವರೂ ನೋಡಿದೆವು.

ಶುಕ್ರವಾರ ಸೆಲೆಕ್ಷನ್ ಪರೀಕ್ಷೆ ಶುರು. ಅದರಲ್ಲಿ ಕೂರದವರನ್ನು ಎಸ್ಸೆಲ್ಸಿಗೆ ಕಳಿಸುವುದಿಲ್ಲ ಎಂದು ಶಾಲೆಯಲ್ಲಿ ಹೇಳಿದ್ದರು. ಉಳಿದ ರೊಟ್ಟಿ ಮಂಗಳವಾರ ಸಂಜೆಗೆ ಮುಗಿಯಿತು. ಬುಧವಾರ ಬೆಳಿಗ್ಗೆ ಬೊಳ್ಳ ಅಭ್ಯಾಸದಿಂದ ಬೇಲಿಯವರೆಗೆ ಬಂತು, ಮುಲಾಜಿಗೆ ಸಂಕದವರೆಗೂ ಬಂತು. ಅಲ್ಲಿ ಕುಳಿತುಕೊಂಡಿತು. ನಾನು ನನ್ನ ಬುತ್ತಿಯ ಅನ್ನ ಉಂಡೆ ಮಾಡಿ ಕೊಟ್ಟೆ, ತಿಂದಿತು. ತೆಂಗಿನಕಾಯಿ ಚೂರು ಕೊಟ್ಟೆ, ಅದನ್ನೂ ತಿಂದಿತು. ಸುಟ್ಟ ಒಣಮೀನು ಕೊಟ್ಟೆ. ಅದನ್ನು ತಿಂದು, ಬಾಯಿ ನೆಕ್ಕಿ, ತಿರುಗಿ ಮನೆಗೆ ಹೋಯಿತು.

ಒಬ್ಬಳೇ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸಂಕ ದಾಟಿ ಇಪ್ಪತ್ತು ಹೆಜ್ಜೆ ಹೋದೆ. ಆ ತಿಂಗಳು ಹಾಡಿಯಲ್ಲಿ ಯಾರದೋ ಕರು ಹೋಗಿತ್ತು. ತರಗೆಲೆಯಲ್ಲಿ ಏನೋ ಸರಿದ ಸದ್ದಾಯಿತು, ಓತಿಕ್ಯಾತವೇ ಇರಬೇಕು, ನಾನು ಸಂಕದ ಮೇಲೆ ಓಡಿಬಂದ ರಭಸಕ್ಕೆ ಒಂದು ಚಪ್ಪಲಿ ತೋಡಿಗೆ ಬಿತ್ತು. ಮಾವನ ಕಟ್ಟಳೆಯನ್ನು ನಾನು ಧೈರ್ಯವಾಗಿ ಮುರಿದೆ ಎಂದು ಹೇಳಿಕೊಳ್ಳುವ ಭಾಗ್ಯ ನನಗಿಲ್ಲ.

ಗುರುವಾರವೂ ಅದೇ. ನಾನು ತಿರುಗಿ ಬಂದು ಪುಸ್ತಕದ ಚೀಲವನ್ನು ಗೂಟಕ್ಕೆ ತೂಗುಹಾಕಿ ಒಲೆಯ ಮುಂದೆ ಕುಳಿತೆ. ಅಳಲಿಲ್ಲ. ಅತ್ತಿದ್ದರೆ ಅಬ್ಬಿಗೆ ಸುಲಭವಾಗುತ್ತಿತ್ತೋ ಏನೋ.

"ನೆರೆಮನಿ ಶೀನನ್ನ ಕರುವನಾ?" ಎಂದಳು ಅಬ್ಬಿ ತನ್ನಷ್ಟಕ್ಕೆ. ತಾನೇ ಉತ್ತರ ಹೇಳಿಕೊಂಡಳು: "ಬ್ಯಾಡ. ಅಣ್ಣ ಒಡುಕೆ ಒಪ್ಲಿಲ್ಲೆ ಅಂದೇಳಿ ಊರಿಡೀ ಆತ್."

ಮಧ್ಯಾಹ್ನ ಅವಳು ಕತ್ತಿ ಹಿಡಿದು ಕಾಯಿಯ ಮುಂದೆ ಕುಳಿತಳು. ತುಂಬ ಹೊತ್ತು ಕುಳಿತಳು. ಕತ್ತಿಯ ಮೊನೆ ಕಾಯಿಗೆ ತಾಗಿಸುವುದು, ತೆಗೆಯುವುದು.

"ಅಣ್ಣನಿಗೆ ಎಂತಾರೂ ಆರೆ?" ಎಂದಳು. ಸಿಟ್ಟಿತ್ತು ಅವಳಿಗೆ ಅಣ್ಣನ ಮೇಲೆ. ಆದರೂ ಅವನ ತಲೆಯ ಮೇಲೆ ಕೇಡು ತರುವ ಕತ್ತಿ ಎತ್ತಲು ಕೈ ಬರಲಿಲ್ಲ. ಚಿಕ್ಕಂದಿನಲ್ಲಿ ಅವಳನ್ನು ಹೆಗಲ ಮೇಲೆ ಹೊತ್ತು ಅದೇ ತೋಡು ದಾಟಿಸಿದ್ದು ಅವನೇ.

ಅಮ್ಮಮ್ಮ ಕಂಬ ಹಿಡಿದು ಹೊರಗೆ ಬಂದಳು. ಅವಳ ಕಣ್ಣು ಆಗಲೇ ಮಂಜಾಗಿತ್ತು, ಬುದ್ಧಿ ಆಗಿರಲಿಲ್ಲ.

"ಗಂಡಸ್ ಒಡುಕ್ ಅಲ್ದಾ?"

"ಹೌದ್. ಗಂಡಸ್ ಎಲ್ಲಿದ್ದೊ ಈ ಮನಿಯಗೆ?"

"ಬೊಳ್ಳ ಎಂತ ಹೆಣ್ಣಾ?"

ಅಬ್ಬಿ ತಾಯಿಯ ಮುಖ ನೋಡಿದಳು. ನಾನು ಅಬ್ಬಿಯ ಮುಖ ನೋಡಿದೆ.

"ಗಂಡಸ್ ಅಂದೇಳಿ ಹೇಳಿರ್ ಹಿರೀರ್," ಎಂದಳು ಅಮ್ಮಮ್ಮ. "ಎರ್ಡ್ ಕಾಲಿನ ಗಂಡಸ್ ಅಂದೇಳಿ ಯಾರೂ ಹೇಳ್ಲಿಲ್ಲೆ. ಕರ್ಕಂಡ್ ಬಾ ಹೆಣೆ ಅದನ್ನ."

ಬೊಳ್ಳನನ್ನು ಒಲೆಬೂದಿಯಿಂದ ಎಬ್ಬಿಸಿ ಎತ್ತಿಕೊಂಡು ಬಂದೆ. ಅಮ್ಮಮ್ಮ ಅದರ ಮುಂಗಾಲಿಗೆ ನೀರು ಹಾಕಿ ತೊಳೆಸಿದಳು, ಕಟ್ಟಳೆಯೆಂದ ಮೇಲೆ ಶುದ್ಧ ಬೇಕಲ್ಲ. ಅಬ್ಬಿ ಬೊಳ್ಳನ ಬಲಗಾಲನ್ನು ಕತ್ತಿಯ ಹಿಡಿಗೆ ಇಟ್ಟು ತನ್ನ ಕೈಯನ್ನು ಅದರ ಮೇಲೆ ಇಟ್ಟಳು. ನಾನು ಹಿಂದಿನಿಂದ ನಾಯಿಯ ಹೊಟ್ಟೆ ಹಿಡಿದುಕೊಂಡಿದ್ದೆ. ಬೊಳ್ಳನಿಗೆ ಇದು ಯಾವ ಆಟವೆಂದು ತಿಳಿಯಲಿಲ್ಲ. ಅದು ಅಬ್ಬಿಯ ಗಲ್ಲ ನೆಕ್ಕಿತು.

"ಸಮ ಹಿಡ್ಕೊ ಮಾರಾಯ," ಎಂದಳು ಅಬ್ಬಿ ನಾಯಿಗೆ. "ನೀನೇ ಒಡುದ್. ನಾನ್ ಕೈ ತಾಗ್ಸಿದ್ದ್ ಅಷ್ಟೆ. ದೇವ್ರೇ, ಕಂಡ್ಕೊ."

ಕತ್ತಿ ಇಳಿಯಿತು. ಮೊದಲ ಏಟಿಗೆ ಬಿರುಕು, ಎರಡನೆಯದಕ್ಕೆ ಕಾಯಿ ಇಬ್ಭಾಗವಾಗಿ ಬಿತ್ತು, ಒಳಗಿನ ಕೆಂಪು ಮಧ್ಯಾಹ್ನದ ಬಿಸಿಲಿಗೆ ಹೊಳೆಯಿತು. ಅಬ್ಬಿ ಕತ್ತಿ ಬಿಟ್ಟು ನಗಲು ಶುರು ಮಾಡಿದಳು. ಅಮ್ಮಮ್ಮನೂ ನಕ್ಕಳು, ಹಲ್ಲಿಲ್ಲದ ಬಾಯಿ ಮುಚ್ಚಿಕೊಳ್ಳದೆ. ನಗುತ್ತಾ ನಗುತ್ತಾ ಅಬ್ಬಿಯ ಕಣ್ಣಲ್ಲಿ ನೀರು ಬಂತು, ಅದು ನಿಲ್ಲಲಿಲ್ಲ. ಸೆರಗಿನಿಂದ ಒರೆಸಿಕೊಂಡೇ ಹೆರೆಮಣೆ ತಂದು ಕುಳಿತಳು. ಹೊಗೆಗೆ ಇಡಲು ಸಮಯವಿರಲಿಲ್ಲ, ಓಡಿನಲ್ಲಿ ಎರಡು ಸಲ ಕಾಯಿಸಿದಳು. ಶುಕ್ರವಾರ ಬೆಳಿಗ್ಗೆ ಬೊಳ್ಳ ಸಂಕದಲ್ಲಿ ಕುಳಿತಿತು, ತನ್ನ ಪಾಲು ತೆಗೆದುಕೊಂಡಿತು, ದಾಟಿತು. ನಾನು ಪರೀಕ್ಷೆಗೆ ಕುಳಿತೆ.

ಶನಿವಾರ ಸಂಜೆ ಮಾವ ಬಂದರು. ಕೈಕಾಲು ತೊಳೆಯುವಾಗ ಅಂಗಳದಲ್ಲಿ ಒಣಗಲು ಹಾಕಿದ ಬೀಜ ಕಂಡರು. ಅಬ್ಬಿ ಅಡುಗೆಮನೆಯಲ್ಲಿದ್ದಳು. ಅಣ್ಣ ಕುಂಟದೆ, ಕೆಮ್ಮದೆ ನಡೆದು ಬಂದದ್ದನ್ನು ಕಿಟಕಿಯಿಂದ ನೋಡಿ ಆಗಲೇ ದೇವರಿಗೆ ಕೈ ಮುಗಿದಿದ್ದಳು.

"ಕಾಯಿ ಯಾರ್ ಒಡ್ದದ್?" ಎಂದರು ಮಾವ.

"ಗಂಡಸ್," ಎಂದಳು ಅಮ್ಮಮ್ಮ.

"ಯಾವ ಗಂಡಸ್?"

ಅಮ್ಮಮ್ಮ ಗದ್ದ ಎತ್ತಿ ಒಲೆಯ ಕಡೆ ತೋರಿಸಿದಳು. ಬೊಳ್ಳ ಬೂದಿಯಲ್ಲಿ ನಾಲ್ಕು ಕಾಲೂ ಮೇಲೆ ಮಾಡಿ ಮಲಗಿತ್ತು.

ಮಾವ ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಊಟ ಮಾಡಿದರು, ಮಲಗಿದರು. ಬೆಳಿಗ್ಗೆ ಎದ್ದವರೇ ಅಟ್ಟ ಹತ್ತಿ ಒಂದೊಂದಾಗಿ ಉಳಿದ ಎಲ್ಲ ಚೀನಿಕಾಯಿಗಳನ್ನೂ ಇಳಿಸಿದರು. ಐದು ಇದ್ದವು. ಗೋಣಿಯ ಮೇಲೆ ಸಾಲಾಗಿಟ್ಟು ಒಂದಾದ ಮೇಲೊಂದು ಒಡೆದರು. ಅಬ್ಬಿ "ಅಷ್ಟೂ ಬ್ಯಾಡ ಅಣ್ಣ, ಕೊಳಿತ್," ಎಂದಳು. ಅವರು ನಿಲ್ಲಿಸಲಿಲ್ಲ. ಕತ್ತಿಯನ್ನು ತೊಳೆದು ಮೂಲೆಗಿಟ್ಟು ಹೇಳಿದರು:

"ಇನ್ನ್ ನಾಯಿ ಕೈಯಗೆ ಕತ್ತಿ ಕೊಡುದ್ ಬ್ಯಾಡ. ಪರೀಕ್ಷೆ ತನ್ಕ ಸಾಕಲ ಇದ್?"

ಯಡ್ತರೆಯವರಿಗೆ ಏನು ಹೇಳಿದರೋ ನಮಗೆ ತಿಳಿಸಲಿಲ್ಲ. ಅವರು ಮತ್ತೆ ಬರಲಿಲ್ಲ. ಅಬ್ಬಿ ಮೂರು ದಿನ ಓಡಿನ ಮುಂದಿನಿಂದ ಏಳದೆ ರೊಟ್ಟಿ ಸುಟ್ಟಳು. ಮನೆಯಿಡೀ ಮೀನು, ಹೊಗೆ ಮತ್ತು ಸಿಹಿ ಸೇರಿದ ಒಂದು ವಾಸನೆ. ಆ ವಾಸನೆಗೆ ಹೆಸರಿಲ್ಲ. ಈಗಲೂ ಬ್ರಹ್ಮಾವರದ ಸಂತೆಯಲ್ಲಿ ಚೀನಿಕಾಯಿಯ ಅಂಗಡಿಯೂ ಒಣಮೀನಿನವಳೂ ಹತ್ತಿರ ಹತ್ತಿರ ಕೂತಿದ್ದರೆ ನಾನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲಿ ನಿಲ್ಲುತ್ತೇನೆ. ಅವರು ನಾನು ಚೌಕಾಸಿ ಮಾಡುತ್ತಿದ್ದೇನೆ ಎಂದುಕೊಳ್ಳುತ್ತಾರೆ.

ಎಸ್ಸೆಲ್ಸಿ ಪಾಸಾಯಿತು. ಕಾಲೇಜಿನ ಅರ್ಜಿಯನ್ನು ಕುಂದಾಪುರದಿಂದ ತಂದುಕೊಟ್ಟವರು ಮಾವನೇ, ಶರ್ಟಿನ ಒಳಗೆ ಮಡಿಸಿಟ್ಟು, ಬೆವರಿಗೆ ಒದ್ದೆಯಾಗಿ. ಪೇಟೆಯಲ್ಲಿ ಒಬ್ಬ ಮುದುಕಿಯ ಮನೆಯಲ್ಲಿ ಒಂದು ಕೋಣೆ. ನಾನು ಮತ್ತು ಬೈಂದೂರಿನ ಸುಮತಿ. ಸುಮತಿಯ ಅಪ್ಪ ಪೋಸ್ಟ್ ಮಾಸ್ಟರು. ಅವಳ ಮುಂದೆ ನನಗೆ ನನ್ನ ಎಲ್ಲವೂ ಒರಟು ಎನ್ನಿಸುತ್ತಿತ್ತು: ನನ್ನ ಮಾತು, ನನ್ನ ಟ್ರಂಕು, ನನ್ನ ಹಿಮ್ಮಡಿ. ನಾನು ಪುಸ್ತಕದ ಕನ್ನಡ ಮಾತಾಡಲು ಕಲಿತೆ. ಊರಿಗೆ ಹೋಗುವುದನ್ನು ಕಡಿಮೆ ಮಾಡಿದೆ. ಮೊದಲ ಮಳೆಗಾಲ ಪೂರ್ತಿ ಹೋಗಲೇ ಇಲ್ಲ.

ಸೆಪ್ಟೆಂಬರ್ ಕೊನೆಯಲ್ಲೋ ಅಕ್ಟೋಬರ್ ಮೊದಲಲ್ಲೋ ಇರಬೇಕು. ಒಂದು ಶುಕ್ರವಾರ ಸಂಜೆ ನಮ್ಮ ಕಡೆ ಹೋಗುವ ಬಸ್ಸಿನ ಕಂಡಕ್ಟರು ಕೋಣೆಯ ಬಾಗಿಲಿಗೆ ಬಂದು ಒಂದು ಬಾಳೆನಾರಿನ ಕಟ್ಟು ಕೊಟ್ಟರು. ಬಿಚ್ಚುವ ಮೊದಲೇ ವಾಸನೆಯಲ್ಲಿ ಗೊತ್ತಾಯಿತು.

"ನಿನ್ ಅಬ್ಬಿ ಕೊಟ್ಟದ್. ನಾಯಿ ತಿಂತಿಲ್ಲೆ ಅಂಬ್ರ್. ಅಬ್ಬಿ ಕೊಟ್ರೆ ಮೂಸಿ ಕಾಂತಿಲ್ಲೆ ಅಂಬ್ರ್. ನೀನ್ ಒಂದ್ ಸಲ ಬಂದ್ ಕೈಯಾರೆ ಕೊಟ್ಟ್ ಹೋಯ್ಕಂಬ್ರ್."

"ಸೋಮವಾರ ಪರೀಕ್ಷೆ ಇತ್ತ್. ಮುಂದಿನ ವಾರ ಬತ್ತೆ ಅಂದೇಳಿ ಹೇಳಿ."

"ಅಬ್ಬಿಗೆ ಹೇಳ್ಕಾ, ನಾಯಿಗೆ ಹೇಳ್ಕಾ?" ಎಂದು ನಕ್ಕು ಅವರು ಹೋದರು.

ಸುಮತಿ ಕಟ್ಟಿನ ಕಡೆ ನೋಡುತ್ತಿದ್ದಳು. "ಎಂತ ಹೆಣೆ ಅದ್?"

ನಾಯಿಯ ರೊಟ್ಟಿ ಎನ್ನಲು ನನ್ನ ನಾಲಿಗೆ ಏಳಲಿಲ್ಲ. "ನಮ್ಮೂರಿನ ಬಿಸ್ಕತ್ತು," ಎಂದೆ, ಪುಸ್ತಕದ ಕನ್ನಡದಲ್ಲಿ.

ಅವಳು ಒಂದು ತೆಗೆದು ಕಚ್ಚಿದಳು. "ಅಯ್ಯಬ್ಬಾ, ಕಲ್ಲ್! ಮೀನ್ ವಾಸ್ನಿ ಬತ್ತಿತ್ತಲ?"

"ನಮ್ಮ ಕಡೆ ಹಾಗೇ ಮಾಡುವುದು," ಎಂದೆ. ಮಾತು ಉಳಿಸಿಕೊಳ್ಳಲು ನಾನೂ ಒಂದು ಕಚ್ಚಿದೆ. ಮೂರು ವರ್ಷ ಚೀಲದಲ್ಲಿ ಹೊತ್ತದ್ದನ್ನು ಮೊದಲ ಸಲ ತಿಂದದ್ದು. ಗಟ್ಟಿ, ಆಮೇಲೆ ಹೊಗೆ, ಆಮೇಲೆ ಎಲ್ಲೋ ಕೊನೆಯಲ್ಲಿ ಸಿಹಿ. ಉಪ್ಪು ಸರಿಯಾಗಿತ್ತು. ನಾವಿಬ್ಬರೂ ಓದುತ್ತಾ ಓದುತ್ತಾ ಆ ವಾರದಲ್ಲಿ ಅಷ್ಟೂ ತಿಂದು ಮುಗಿಸಿದೆವು. ಸುಮತಿ ಕೊನೆಗೆ, "ಇನ್ನ್ ಇಲ್ಯಾ?" ಎಂದು ಕೇಳಿದಳು.

ಮುಂದಿನ ವಾರ ಹೋಗಲಿಲ್ಲ. ಯಾಕೆ ಎಂದರೆ ಹೇಳಿಕೊಳ್ಳುವಂಥ ಕಾರಣವಿಲ್ಲ. ನಾಯಿಗೆ ರೊಟ್ಟಿ ತಿನ್ನಿಸಲು ಊರಿಗೆ ಹೋಗುತ್ತೇನೆ ಎಂದು ಸುಮತಿಗೆ ಹೇಗೆ ಹೇಳುವುದು? ಅದರ ಮುಂದಿನ ವಾರವೂ ಹಾಗೇ ಹೋಯಿತು. ದೀಪಾವಳಿಯ ರಜೆಗೆ ಹೋದೆ.

ಬಸ್ಸಿಳಿದು ಹಾಡಿಯಲ್ಲಿ ಒಬ್ಬಳೇ ನಡೆದೆ. ಹೆದರಿಕೆಯಾಗಲಿಲ್ಲ, ಕಾಲೇಜು ಹುಡುಗಿಗೆ ಹೆದರಿಕೆಯೇ ಎಂದು ನನ್ನ ಬಗ್ಗೆ ನನಗೇ ಸಂತೋಷವಾಗಿತ್ತು. ಸಂಕದ ಆಚೆ ಮಾವ ನಿಂತಿದ್ದರು. ಹಬ್ಬಕ್ಕೆ ಅವರಿಗೂ ರಜೆ. ದನಕ್ಕೆ ಸೊಪ್ಪು ಕಡಿಯಲು ಬಂದವರ ಹಾಗೆ ಕೈಯಲ್ಲಿ ಕತ್ತಿಯಿತ್ತು, ಸೊಪ್ಪು ಮಾತ್ರ ಎಲ್ಲೂ ಇರಲಿಲ್ಲ.

"ಒಬ್ಳೇ ಬಂದ್ಯಾ?"

"ಹೌದ್ ಮಾವ. ಬೊಳ್ಳ ಎಲ್ಲಿತ್ತ್?"

ಅವರು ನನ್ನ ಕೈಯಿಂದ ಚೀಲ ತೆಗೆದುಕೊಂಡರು. ಹಿಂದೆಂದೂ ನನ್ನ ಚೀಲ ಹಿಡಿದವರಲ್ಲ.

"ಹೋಯಿ ಹನ್ನೆರ್ಡ್ ದಿನ ಆಯ್ತ್."

"ಎಂತಾಯ್ತ್?"

"ಎಂತಾಪುದ್? ತಿಂಬುದ್ ಬಿಟ್ಟಿತ್. ನಾನೇ ಹೂತದ್, ಹಟ್ಟಿ ಹಿಂದೆ."

"ನಂಗೊಂದ್ ಹೇಳಿ ಕಳ್ಸುಕಾಯ್ಲಿಲ್ಯಾ ಮಾವ?"

"ಅಬ್ಬಿ ಬ್ಯಾಡ ಅಂದ್ಳ್. ಹೆಣ್ಣಿಗೆ ಪರೀಕ್ಷೆ ಇತ್ತ್ ಅಂಬ್ರ್, ತಲಿ ಕೆಡ್ಸುದ್ ಬ್ಯಾಡ ಅಂದ್ಳ್."

ನಾನು ಸಂಕದ ತುದಿಯಲ್ಲಿ ಕುಳಿತೆ. ಕೆಳಗೆ ತೋಡಿನ ನೀರು ಹಬ್ಬದ ಹೊತ್ತಿಗೆ ತಿಳಿಯಾಗಿತ್ತು. ಮಾವ ಚೀಲ ಹಿಡಿದುಕೊಂಡು, ಹತ್ತು ಹೆಜ್ಜೆ ಆಚೆ, ನನಗೆ ಬೆನ್ನು ಹಾಕಿ ನಿಂತೇ ಇದ್ದರು.

ಆಮೇಲೆ ನಾನು ಎಷ್ಟೋ ಪರೀಕ್ಷೆ ಬರೆದೆ. ಮೂವತ್ತು ವರ್ಷ ಮಕ್ಕಳಿಗೆ ಪರೀಕ್ಷೆ ಕೊಟ್ಟೆ, ಉತ್ತರ ತಿದ್ದಿದೆ. ಮೊನ್ನೆ ವಾರಿಜ ಹೋದ ಮೇಲೆ ಬಾಗಿಲಲ್ಲಿ ನಿಂತು, ಆ ಸೋಮವಾರದ್ದು ಯಾವ ಪರೀಕ್ಷೆಯಾಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಚರಿತ್ರೆಯೋ, ತರ್ಕಶಾಸ್ತ್ರವೋ, ಇಂಗ್ಲಿಷೋ. ವಾರ್ಷಿಕವೇನಲ್ಲ, ನಡುವಿನ ಒಂದು ಸಣ್ಣ ಪರೀಕ್ಷೆ. ಎಷ್ಟು ಹೊತ್ತು ನಿಂತರೂ ನೆನಪಾಗಲಿಲ್ಲ.